ಎಡಗೈ ಬಿಡಿ

ಹೊಸ ಬಟ್ಟೆ ಹೊಲಿಯುವವರಿಗೆ ಒಂದು ತಾಪತ್ರಯವಾದರೆ, ಹೊಲಿದ ಬಟ್ಟೆಯನ್ನು ಬಿಚ್ಚಿ ಹೊಲಿಯುವವರಿಗೆ ನೂರೆಂಟು. ಈ ಮಾತನ್ನು ಎರಡಿಂಚಕ್ಕ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದರಿಂದ ಕೇಳಿದವರಿಗೆ ಅದು ಬೈಗುಳದ ಹಾಗಿರುತ್ತಿತ್ತು. ಬೈಗುಳವೇ ಅನ್ನಿ, ತಪ್ಪೇನಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಹೀಗೆ. ಯಾರಾದರೂ ರೆಡಿಮೇಡ್ ಪ್ಯಾಂಟು ತಂದು ಸೊಂಟ ಸ್ವಲ್ಪ ಬಿಡಬೇಕಿತ್ತು ಅಂದರೆ, ಅವಳು ಅದನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹೆಣ ನೋಡಿದವರ ಹಾಗೆ ಮುಖ ಮಾಡುತ್ತಿದ್ದಳು. “ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು?” ರೆಡಿಮೇಡಿನವರು ಬಿಡುವುದಿಲ್ಲ. ಮನುಷ್ಯ ನಾಳೆ ದಪ್ಪಗಾಗುತ್ತಾನೆ, ನಾಡಿದ್ದು ಸಣ್ಣಗಾಗುತ್ತಾನೆ ಎನ್ನುವ ಯೋಚನೆಯೇ ಅವರಿಗಿಲ್ಲ. ಎಲ್ಲರೂ ಗೊಂಬೆಗಳು ಎಂದುಕೊಂಡು ಕತ್ತರಿಸುತ್ತಾರೆ. ಅವಳ ಬಾಯಲ್ಲಿ ಎರಡಿಂಚು ಎರಡಿಂಚು ಎಂದು ಕೇಳಿ ಕೇಳಿ, ಬೀದಿಯವರು ಅವಳಿಗೆ ಅದೇ ಹೆಸರಿಟ್ಟುಬಿಟ್ಟರು.

ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಮೇಲೆ ಯಾರಾದರೂ ಹತ್ತಿದರೆ ಕೆಳಗೆ ಅವಳ ತಲೆಯ ಮೇಲೆ ನಡೆದ ಹಾಗೆ. ಒಂದು ಮೆಷಿನ್, ಒಂದು ಇಸ್ತ್ರಿ ಮೇಜು, ಬಟ್ಟೆ ತುಂಡುಗಳ ಒಂದು ದೊಡ್ಡ ಗಂಟು. ಕತ್ತರಿಸಿದ ಯಾವ ತುಂಡನ್ನೂ ಅವಳು ಎಸೆದವಳಲ್ಲ. ಗೋಡೆಯ ಮೇಲೆ ಎರಡು ಬೋರ್ಡು. ಒಂದರಲ್ಲಿ “ಆಲ್ಟರೇಷನ್ ಮಾತ್ರ” ಎಂದಿತ್ತು. ಇನ್ನೊಂದರಲ್ಲಿ “ಚೀಟಿ ಇಲ್ಲದ ಬಟ್ಟೆ ಮುಟ್ಟುವುದಿಲ್ಲ” ಎಂದಿತ್ತು. ಏನು ಮಾಡಬೇಕೋ ಅದನ್ನು ಬರೆದು ಬಟ್ಟೆಗೆ ಪಿನ್ನು ಮಾಡಿ ಕೊಡಬೇಕು. ಬಾಯಲ್ಲಿ ಒಂದು ಹೇಳಿ ಆಮೇಲೆ ನಾನು ಹಾಗೆ ಹೇಳಲೇ ಇಲ್ಲ ಎಂದವರಿಂದ ಬೆಂದು ಬಸವಳಿದು ಮಾಡಿದ ನಿಯಮ ಅದು. ಚೀಟಿಯಲ್ಲಿ ಏನಿದೆಯೋ ಅದು, ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ. ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಂದ “ನಾಳೆ ಬನ್ನಿ” ಎನ್ನುವ ಮಾತು ಹೊರಟಿರಲಿಲ್ಲ. ಹೊಲಿಗೆಯವರಲ್ಲಿ ಇದೊಂದು ದಾಖಲೆಯೇ ಸರಿ.

ಅವಳ ಗಂಡ ಬಸ್ ಕಂಡಕ್ಟರು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತು, ಎರಡು ವರ್ಷದ ಹಿಂದೆ ರಿಟೈರಾದವರು. ಅವಳು ಈ ಕೆಲಸಕ್ಕೆ ಇಳಿದದ್ದೂ ಅವರಿಂದಲೇ. ಡಿಪೋದವರು ಯೂನಿಫಾರಂ ಕೊಡುತ್ತಿದ್ದದ್ದು ಮೂರೇ ಅಳತೆಯಲ್ಲಿ, ದೊಡ್ಡದು, ನಡುವಿನದು, ಚಿಕ್ಕದು. ಇವರು ಯಾವುದಕ್ಕೂ ಸೇರಿದವರಲ್ಲ. ಬಿದಿರಿನ ಹಾಗೆ ಉದ್ದ, ಬಿದಿರಿನ ಹಾಗೇ ಸಪೂರ. ಮೊದಲ ಯೂನಿಫಾರಂ ಹಾಕಿಕೊಂಡು ನಿಂತಾಗ ಬಟ್ಟೆ ಒಣಹಾಕಿದ ಹಾಗಿತ್ತಂತೆ. ಆಗಿನ್ನೂ ಮದುವೆಯಾಗಿ ಆರು ತಿಂಗಳು. ಅವಳು ಪಕ್ಕದ ಮನೆಯ ಮೆಷಿನ್ ಬೇಡಿ ತಂದು ಪಕ್ಕೆ ಹಿಡಿದಳು, ಭುಜ ಹಿಡಿದಳು, ಒಳಗೆ ಮಡಿಸಿದ್ದನ್ನು ಬಿಚ್ಚಿ ಎಡಗೈ ಬಿಟ್ಟಳು. ಎಡಗೈ ಯಾಕೆ ಅಂದರೆ, ಬಸ್ಸಿನಲ್ಲಿ ಕಂಡಕ್ಟರ ಎಡಗೈ ಕೆಳಗಿರುವುದೇ ಇಲ್ಲ, ಮೇಲಿನ ಕಂಬಿ ಹಿಡಿದಿರುತ್ತದೆ. ಕೈ ಮೇಲೆ ಹೋದರೆ ತೋಳು ಮೊಣಕೈ ಕಡೆಗೆ ಜಾರುತ್ತದೆ. ಅದಕ್ಕೆ ಒಂದೂವರೆ ಇಂಚು ಬಿಟ್ಟರೆ ಮಣಿಕಟ್ಟಿಗೆ ಸರಿಯಾಗಿ ನಿಲ್ಲುತ್ತದೆ. ಅದನ್ನು ನೋಡಿ ಡಿಪೋದ ಮಿಕ್ಕ ಕಂಡಕ್ಟರುಗಳೂ ತಂದು ಕೊಟ್ಟರು. ಹತ್ತು ವರ್ಷ ಮನೆಯಲ್ಲೇ ಹೊಲಿದಳು, ಆಮೇಲೆ ಅಂಗಡಿ. ಅಂಗಡಿ ಹುಟ್ಟಿದ್ದೇ ಆ ಎಡಗೈಯಿಂದ.

ಮೂವತ್ತನಾಲ್ಕು ವರ್ಷ ಒಂದೇ ಬಣ್ಣ ಹಾಕಿದ ಮನುಷ್ಯನಿಗೆ ಬೇರೆ ಬಟ್ಟೆಯೇ ಗೊತ್ತಿಲ್ಲ ಎನ್ನುವುದು ತಿಳಿದದ್ದು ರಿಟೈರಾದ ಮೇಲೆ. ಮೊದಲ ವಾರ ಒಂದು ಬಿಳಿ ಶರ್ಟು ಹಾಕಿಕೊಂಡು ಬೀದಿ ತುದಿಯ ಅಂಗಡಿಗೆ ಹೋಗಿದ್ದರು. ಅಲ್ಲಿ ಬ್ಯಾಂಕಿನವನೊಬ್ಬ ಸಿಕ್ಕಿದ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಇವರ ಬಸ್ಸಿನಲ್ಲೇ ಬಂದವನು, ಹಬ್ಬಕ್ಕೆ ಊರಿಗೆ ಹೋದರೂ ಇವರಿಗೆ ಹೇಳಿ ಹೋಗುತ್ತಿದ್ದವನು. ಇವರ ಮುಖ ನೋಡಿ, “ಸ್ವಲ್ಪ ಸರೀತೀರಾ” ಎಂದು ಪಕ್ಕಕ್ಕೆ ಸರಿಸಿ ಮುಂದೆ ಹೋದ. ಅಷ್ಟೇ. ಇವರು ಮನೆಗೆ ಬಂದು ಶರ್ಟು ತೆಗೆದು ಮೊಳೆಗೆ ನೇತುಹಾಕಿದರು. ಏನಾಯಿತು ಎಂದು ಅವಳು ಕೇಳಿದರೆ, ಆದದ್ದನ್ನು ಹೇಳಿ ಕೊನೆಗೆ ಅಂದರು: “ಹೋಗಲಿ ಬಿಡು.”

ಅಲ್ಲಿಂದ ಶುರುವಾಯಿತು ಆ ‘ಬಿಡು’. ತರಕಾರಿ ತರುತ್ತೀರಾ ಎಂದರೆ ನೀನೇ ಬರುವಾಗ ತಂದುಬಿಡು. ಕ್ಷೌರಕ್ಕೆ ಹೋಗಿ ಎಂದರೆ ನಾಳೆ ನೋಡೋಣ ಬಿಡು. ಹಳೆಯ ಡ್ರೈವರು ಮಗಳ ಮದುವೆಗೆ ಕರೆದರೆ ಏನು ಹಾಕಿಕೊಂಡು ಹೋಗಲಿ, ಬಿಡು. ಅವಳು ಶರ್ಟು ತಂದಳು, ಜುಬ್ಬಾ ತಂದಳು, ಮೂರು ಸಲ ಅಂಗಡಿಗೆ ವಾಪಸ್ಸು ಕೊಟ್ಟು ಅಂಗಡಿಯವನ ಕೈಲಿ ಬೈಸಿಕೊಂಡಳು. ಇವರು ಕನ್ನಡಿ ಮುಂದೆ ನಿಂತು, “ಇದ್ರಲ್ಲಿ ಇರೋನು ಯಾರೋ ಬೇರೆ” ಎನ್ನುತ್ತಿದ್ದರು. ಎರಡು ವರ್ಷ. ಬಾಗಿಲಾಚೆ ಕಾಲಿಡಲಿಲ್ಲ.

ಹೊರಗೆ ಹೋಗದ ಗಂಡಸು ಮನೆಯೊಳಗೆ ಸುಮ್ಮನೆ ಇರುತ್ತಾನೆಯೇ? ಅಡುಗೆಮನೆಯ ಡಬ್ಬಗಳನ್ನೆಲ್ಲ ಬಸ್ಸಿನ ಸೀಟುಗಳ ಹಾಗೆ ಎರಡೆರಡು ಜೋಡಿಸಿ ನಡುವೆ ದಾರಿ ಬಿಟ್ಟರು. ಜೀರಿಗೆ ಹುಡುಕಲು ಹೋದರೆ ಅದು ಹಿಂದಿನ ಸೀಟಿನಲ್ಲಿ ಕೂತಿರುತ್ತಿತ್ತು. ಅವಳು ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ನಿಂತು, ಎಣ್ಣೆ ಕಾದಿದೆ, ಸಾಸಿವೆ ಸಿಡಿದಿದೆ ಎಂದು ಸ್ಟಾಪಿನ ಹೆಸರು ಕೂಗಿದ ಹಾಗೆ ಹೇಳುತ್ತಿದ್ದರು. ಬೆಳಿಗ್ಗೆ ಅವಳು ಅಂಗಡಿಗೆ ಹೊರಟರೆ ಬಾಗಿಲ ಚೌಕಟ್ಟಿಗೆ ಎರಡು ಸಲ ಕುಟ್ಟುತ್ತಿದ್ದರು, ಟಕ್ ಟಕ್, ರೈಟ್ ಅಂತ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆರುನೂರು ಸಲ ಕೇಳಿದ ಮೇಲೆ ನಗು ಎಲ್ಲಿಂದ ಬರಬೇಕು? ನನ್ನನ್ನು ಕಳಿಸುವುದಕ್ಕೆ ಇಷ್ಟು ಉತ್ಸಾಹ ಇರುವವರು ತಾವು ಒಂದು ಸಲ ಹೊರಡಬಾರದೇ ಎಂದು ಹಲ್ಲು ಕಡಿಯುತ್ತ ಮೆಟ್ಟಿಲಿಳಿಯುತ್ತಿದ್ದಳು. ದೇವರಲ್ಲಿ ಅವಳು ಬೇರೇನೂ ಕೇಳಲಿಲ್ಲ. ಈ ಮನುಷ್ಯ ಒಂದು ಸಲ ಹೊಸಿಲು ದಾಟಲಿ, ಸಾಕು.

ಮಾತು ಎಲ್ಲಿಗೋ ಹೋಯಿತು, ಹೇಳಹೊರಟದ್ದು ಒಂದು ಕೋಟಿನ ಕತೆ, ಅದಕ್ಕೆ ಬರೋಣ.

ತಂತಿವಾದ್ಯ ನುಡಿಸುತ್ತ ಹಾಡುವ ಒಬ್ಬ ಸಂಗೀತಗಾರನಿದ್ದ. ಈಗ ಅವನಿಗೂ ವಯಸ್ಸಾಗಿತ್ತು, ಆದರೆ ಅವನನ್ನು ಮೆಚ್ಚುವವರಿಗೆ ವಯಸ್ಸಾಗಿರಲಿಲ್ಲ. ಅವನ ಕೋಟಿನ ಬಲಗೈ ತೋಳು ತಂತಿಗೆ ಸಿಕ್ಕಿಕೊಳ್ಳುತ್ತದೆ ಎಂದು ಯಾವಾಗಲೋ ಒಮ್ಮೆ ಮೊಣಕೈಗೆ ಕತ್ತರಿಸಿಕೊಂಡನಂತೆ. ಕಂದು ಕೋಟು, ಬಲಗೈ ಅರ್ಧ, ಎಡಗೈ ಪೂರ್ತಿ, ನಾಲ್ಕು ಗುಂಡಿ ನಾಲ್ಕು ಥರ, ಒಂದು ಜೇಬಿಗೆ ಚೌಕಳಿ ತೇಪೆ. ಬಡತನದಲ್ಲಿ ಆದದ್ದೋ ಬೇಕೆಂದೇ ಮಾಡಿದ್ದೋ, ಅಂತೂ ಅದೇ ಅವನ ಗುರುತಾಯಿತು. ಆ ಭಾನುವಾರ ಅವನ ಕಛೇರಿ, ಊರಿನ ಆಚೆ ಬದಿಯ ದೊಡ್ಡ ಹಾಲಿನಲ್ಲಿ. ಹದಿನೈದು ದಿನ ಮುಂಚಿನಿಂದಲೇ ಎರಡಿಂಚಕ್ಕನ ಅಂಗಡಿಗೆ ಜನ ಬರತೊಡಗಿದರು. ಕೈಯಲ್ಲಿ ಹೊಸ ರೆಡಿಮೇಡ್ ಕೋಟು, ಮೊಬೈಲಿನಲ್ಲಿ ಅವನ ಫೋಟೋ. ಹನ್ನೊಂದು ಕೋಟು. ಹನ್ನೊಂದಕ್ಕೂ ಬಲಗೈ ಕತ್ತರಿಸಬೇಕು, ಇರುವ ಒಳ್ಳೆ ಗುಂಡಿ ಕಿತ್ತು ಒಂದಕ್ಕೊಂದು ಸೇರದ ಗುಂಡಿ ಹಾಕಬೇಕು, ಹರಿಯದ ಜೇಬಿಗೆ ತೇಪೆ ಹಚ್ಚಬೇಕು.

ಅವಳಿಗೆ ಮೈಯೆಲ್ಲ ಉರಿಯಿತು. ಹರಿದದ್ದನ್ನು ಹೊಲಿಯುವುದಕ್ಕೆ ಕಲಿತವಳು ಹೊಲಿದದ್ದನ್ನು ಹರಿಯಬೇಕೆ? ಕಾಲೇಜು ಹುಡುಗಿಯೊಬ್ಬಳು ತೋಳಿನ ಅಂಚು ಮಡಿಸಬೇಡಿ ಆಂಟಿ, ನೂಲು ಬಿಟ್ಟಿರಲಿ ಎಂದಾಗ ಅವಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನನ್ನ ಹತ್ರ ಅಂಚು ಮಡಿಸದೆ ಬಟ್ಟೆ ಹೊರಗೆ ಹೋಗಿಲ್ಲ ಕಣೇ,” ಎಂದು ಗೋಗರೆದು, ಕೊನೆಗೆ ಒಳಗಿನಿಂದ ಕಾಣದ ಹಾಗೆ ಒಂದು ಸಾಲು ಟಾಕು ಹಾಕಿ, ಹೊರಗೆ ನೂಲು ಬಿಟ್ಟು ಕೊಟ್ಟಳು.

ಆ ದಿನ ಮನೆಗೆ ಹೋಗಿ ಊಟಕ್ಕೆ ಬಡಿಸುತ್ತ ಇದನ್ನೆಲ್ಲ ಗಂಡನ ಮುಂದೆ ಹಾಡಿಕೊಂಡಳು. ಆ ಅರ್ಧಗೈಯವನು ಈ ಊರಿಗೆ ಯಾಕೆ ಬರುತ್ತಾನೋ ಎಂದಳು. ಕಂಡಕ್ಟರು ಅನ್ನಕ್ಕೆ ಸಾರು ಕಲಸಿಕೊಂಡರು. ಆಮೇಲೆ, “ನಾಳೆ ಬರುವಾಗ ನನಗೂ ಒಂದು ಕೋಟು ತಂದುಬಿಡು. ಕಂದುಬಣ್ಣ,” ಎಂದರು.

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವನ ಹಾಡೆಂದರೆ ಇವರಿಗೆ ಪ್ರಾಣ ಎಂದು ಅವಳಿಗೆ ಗೊತ್ತಿತ್ತು. ಇವರ ಬಸ್ಸಿನ ಡ್ರೈವರು ಇಪ್ಪತ್ತು ವರ್ಷ ಬೇರೆ ಹಾಡನ್ನೇ ಹಾಕಿರಲಿಲ್ಲ. ಆದರೆ ಕೋಟು? ಹಾಕಿಕೊಂಡು ಎಲ್ಲಿಗೆ ಎಂದು ಕೇಳಿದಳು. “ಭಾನುವಾರ, ಅಲ್ಲಿಗೆ,” ಎಂದರು. ಅವಳು ಮತ್ತೊಂದು ಮಾತಾಡದೆ ಅನ್ನ ಬಡಿಸಿದಳು. ಹಕ್ಕಿ ಕಿಟಕಿಗೆ ಬಂದು ಕೂತಾಗ ಕೆಮ್ಮಬಾರದು ಎನ್ನುವಷ್ಟು ಬುದ್ಧಿ ಅವಳಿಗಿತ್ತು.

ಮರುದಿನವೇ ಕೋಟು ಬಂತು. ಅವರ ಅಳತೆಯಲ್ಲಿ ಆ ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ. ಹಾಕಿ ನೋಡಿದರೆ ತೋಳು ಮಣಿಕಟ್ಟಿಗೆ ಅಳೆದಿಟ್ಟ ಹಾಗಿತ್ತು, ರೆಡಿಮೇಡಿನಲ್ಲಿ ಇದು ಲಾಟರಿ ಹೊಡೆದ ಹಾಗೆ. ಈಗ ಚೀಟಿ. ಗಂಡನಾದರೇನು, ನಿಯಮ ನಿಯಮವೇ. ಕಂಡಕ್ಟರು ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಬೆನ್ನಿಗೆ ಟಿಕೆಟ್ಟಿನ ಮೇಲೆ ಬರೆದು ಬರೆದು ರೂಢಿಯಾದ ಇರುವೆಯಕ್ಷರದಲ್ಲಿ ಬರೆದರು:

“ಬಲಗೈ ಮೊಣಕೈವರೆಗೆ ಕತ್ತರಿಸಿ. ಎಡಗೈ ಬಿಡಿ. ಗುಂಡಿ ನಾಲ್ಕೂ ಬೇರೆ ಬೇರೆ. ಜೇಬಿಗೆ ಚೌಕಳಿ.”

ಮನೆಯಲ್ಲಿ ಹೋಗೇ ಬಾರೇ ಎನ್ನುವವರು ಚೀಟಿಯಲ್ಲಿ ಅಂಗಡಿಯವರಿಗೆ ಬರೆದ ಹಾಗೆ ಮರ್ಯಾದೆ ಕೊಟ್ಟು ಬರೆದಿದ್ದರು. ಅವಳಿಗೆ ಒಳಗೊಳಗೇ ಹಿತವಾಯಿತು. ಚೀಟಿಗೆ ಪಿನ್ನು ಹಾಕಿ ತೆಗೆದುಕೊಂಡು ಹೋದಳು.

ಮಂಗಳವಾರ ಹನ್ನೊಂದು ಕೋಟುಗಳ ಕೆಲಸ ಮುಗಿಸಿ ಹನ್ನೆರಡನೆಯದಕ್ಕೆ ಕೈ ಹಾಕಿದಳು. ಬಲಗೈ ಕತ್ತರಿಸಿದಳು, ಅಂಚು ಮಡಿಸಿದಳು. ಎಡಗೈ ಬಿಡಿ. ಮಿಕ್ಕ ಹನ್ನೊಂದು ಜನರಲ್ಲಿ ಯಾರೂ ಎಡಗೈ ಮಾತೇ ಎತ್ತಿರಲಿಲ್ಲ. ಕಾಲೇಜು ಹುಡುಗಿ ಕಳಿಸಿದ್ದ ಫೋಟೋ ನೋಡಿದಳು, ಅದರಲ್ಲಿ ಎಡಗೈ ವಾದ್ಯದ ಹಿಂದೆ ಅಡಗಿತ್ತು. ಆದರೆ ಯೋಚನೆ ಮಾಡುವುದೇನಿದೆ? ಇವರ ಎಡಗೈಯನ್ನು ಅವಳು ಯಾವತ್ತು ಬಿಟ್ಟಿಲ್ಲ? ಎಷ್ಟು ಯೂನಿಫಾರಂ, ಎಷ್ಟು ಎಡಗೈ. ಕೈ ತಾನಾಗಿ ಇಂಚು ಟೇಪಿನ ಒಂದೂವರೆಗೆ ಹೋಗಿ ನಿಂತಿತು. ತೋಳಿನ ತುದಿ ಬಿಚ್ಚಿ ನೋಡಿದರೆ ಒಳಗೆ ಬೆರಳಗಲವೂ ಬಟ್ಟೆಯಿಲ್ಲ. ರೆಡಿಮೇಡಿನವರ ಏಳು ತಲೆಮಾರನ್ನು ನೆನೆದು, ಕತ್ತರಿಸಿದ ಬಲಗೈ ತುಂಡಿನಿಂದ ಒಂದು ಪಟ್ಟಿ ತೆಗೆದು, ಎಡಗೈ ತುದಿಗೆ ಸೇರಿಸಿದಳು. ಕೂಡಿಸಿದ ಜಾಗ ಕಾಣದ ಹಾಗೆ ಇಸ್ತ್ರಿ ಎಳೆದಳು. ಅಷ್ಟು ಅಂದವಾದ ಜೋಡಣೆ ಅವಳು ಜೀವಮಾನದಲ್ಲಿ ಮಾಡಿರಲಿಲ್ಲವಂತೆ. ಅದೇ ಹೊಟ್ಟೆ ಉರಿಸುವ ವಿಷಯ.

ಬುಧವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಕೋಟನ್ನು ಮೊಳೆಗೆ ಹಾಕಿ ಅಂಗಡಿಗೆ ಬಂದಳು. ಬಾಗಿಲಿಗೆ ಕುಟ್ಟಿಸಿಕೊಳ್ಳದೆ ಬಂದ ದಿನ ಅದೊಂದೇ.

ಒಂಬತ್ತೂವರೆಯ ಹೊತ್ತು, ಅಂಗಡಿಯ ಮುಂದೆ ಸಾಲು. ಮೊದಲು ಹೋಟೆಲಿನ ಸಪ್ಲೈಯರು, ಪ್ಯಾಂಟಿನ ಕಾಲು ಮಡಿಸುವುದಕ್ಕೆ. ಅವನ ಹಿಂದೆ ನರ್ಸಮ್ಮ, ಆಸ್ಪತ್ರೆಯ ಬಿಳಿ ಕೋಟಿನ ಭುಜ ಹಿಡಿಸುವುದಕ್ಕೆ. ಅವಳ ಹಿಂದೆ ವ್ಯಾಕರಣದ ಮೇಷ್ಟ್ರು, ಅಳಿಯ ಕೊಡಿಸಿದ ಸ್ವೆಟರು ತನಗೆ ಹೊದಿಕೆಯಾಗಿದೆ ಎಂದು ದೂರಲು. ಎರಡಿಂಚಕ್ಕ ತಲೆ ತಗ್ಗಿಸಿ ಚೀಟಿ ಓದುತ್ತಿದ್ದಳು. ಸಾಲಿನ ಪಕ್ಕದಿಂದ ಒಂದು ಉದ್ದನೆಯ ಕಂದು ತೋಳು ಬಂದು ಮೇಜಿನ ಮೇಲೆ ಬಿತ್ತು. ಅರ್ಧ ಅಂಗೈ ತೋಳಿನೊಳಗೆ ಮುಚ್ಚಿಹೋಗಿ ಬೆರಳುಗಳು ಮಾತ್ರ ಕಾಣುತ್ತಿದ್ದವು.

“ಇದೇನು ಮಾಡಿದ್ದೀಯ ನೀನು?”

ಅವಳಿಗೆ ತಲೆ ಎತ್ತುವ ವ್ಯವಧಾನವೂ ಇರಲಿಲ್ಲ. “ಸಾಲಲ್ಲಿ ಬನ್ನಿ,” ಎಂದಳು.

“ಸಾಲಲ್ಲಿ ಬರೋದಾ? ನಾನು...”

“ಯಾರಾದ್ರೂ ಸರಿ, ಸಾಲಲ್ಲಿ ಬನ್ನಿ. ಮೇಷ್ಟ್ರ ಹಿಂದೆ.”

ಕಂಡಕ್ಟರು ಹೋಗಿ ಮೇಷ್ಟ್ರ ಹಿಂದೆ ನಿಂತರು. ಸಾಲೆಂದರೆ ಅವರಿಗೂ ಮರ್ಯಾದೆಯಲ್ಲವೆ, ಜೀವನವಿಡೀ ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದವರು. ಆದರೆ ಬಾಯಿ ಸುಮ್ಮನಿರಲಿಲ್ಲ. ಎಡಗೈ ಬಿಡಿ ಅಂತ ಕನ್ನಡದಲ್ಲಿ ಬರೆದಿದ್ದೆ, ಬಿಡಿ ಅಂದರೆ ಮುಟ್ಟಬೇಡಿ ಅಂತ, ಹಾಗೇ ಬಿಡಿ ಅಂತ, ಸಣ್ಣ ಮಗುವಿಗೂ ಗೊತ್ತು ಎಂದು ಸಾಲಿನವರಿಗೆಲ್ಲ ಕೇಳುವಂತೆ ಹೇಳಿದರು.

“ಅಂಗಡೀಲಿ ಬಿಡಿ ಅಂದ್ರೆ ಬಿಡೋದು,” ಎಂದಳು ಅವಳು, ಪಿನ್ನಿನ ನಡುವಿನಿಂದ. “ಒಳಗಿರೋದನ್ನ ಹೊರಗೆ ಬಿಡೋದು. ಇಪ್ಪತ್ತಾರು ವರ್ಷದಿಂದ ಅದೇ ಅರ್ಥ. ಮುಟ್ಟಬಾರದು ಅಂದ್ರೆ ‘ಇರಲಿ’ ಅಂತ ಬರೀಬೇಕು.”

“ನಾನು ಬಸ್ಸಲ್ಲಿ ಬಾಗಿಲು ಬಿಡಿ, ಬಾಗಿಲು ಬಿಡಿ ಅಂತ ಮೂವತ್ತನಾಲ್ಕು ವರ್ಷ ಕೂಗಿದ್ದೀನಿ. ಯಾರಾದ್ರೂ ಬಾಗಿಲು ಉದ್ದ ಮಾಡಿದ್ರಾ?”

ಸಪ್ಲೈಯರು ನಗು ತಡೆಯಲಾರದೆ ತಿರುಗಿ ನಿಂತ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಿಡಿ ಅಂದರೆ ಹಾಕಿ ಅಂತಲೇ ಅರ್ಥ, ಅಕ್ಕ ಹೇಳುವುದೂ ಸರಿಯೇ ಎಂದು ನರ್ಸಮ್ಮ ತನ್ನ ಸಾಕ್ಷಿ ನುಡಿದಳು. ಮೇಷ್ಟ್ರೇ ನೀವು ಹೇಳಿ ಎಂದು ಎಲ್ಲರೂ ಅವರ ಕಡೆ ತಿರುಗಿದರು. ಮೇಷ್ಟ್ರಿಗೆ ರಿಟೈರಾದ ಮೇಲೆ ಯಾರೂ ಏನೂ ಕೇಳಿರಲಿಲ್ಲವೋ ಏನೋ, ಸ್ವೆಟರನ್ನು ಹೆಗಲಿಗೆ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. ಬಿಡು ಎನ್ನುವ ಧಾತುವಿಗೆ ತ್ಯಜಿಸು ಎಂದೂ ಆಗುತ್ತದೆ, ಸಡಿಲಿಸು ಎಂದೂ ಆಗುತ್ತದೆ, ಸುಮ್ಮನಿರು ಎಂದೂ ಆಗುತ್ತದೆ, ಇನ್ನು ಬಿಡಿ ಎನ್ನುವುದನ್ನು ನಾಮಪದವಾಗಿ ತೆಗೆದುಕೊಂಡರೆ ಬೇರೆ ಬೇರೆಯಾದದ್ದು, ಬಿಡಿ ಹೂವು ಅಂದ ಹಾಗೆ.

“ಸದ್ಯ,” ಎಂದ ಸಪ್ಲೈಯರು. “ಹಾಗೆ ತಗೊಂಡಿದ್ರೆ ತೋಳು ಬಿಡಿಯಾಗಿ ಪೇಪರಲ್ಲಿ ಕಟ್ಟಿ ಕೊಟ್ಟಿರೋರು.”

“ಸಂದರ್ಭ ನೋಡಿ ಅರ್ಥ ಮಾಡ್ಕೋಬೇಕು,” ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಅಂದರೆ ಏನೂ ಕೊಡಲಿಲ್ಲ.

“ಸಂದರ್ಭ ಏನು ಮೇಷ್ಟ್ರೇ,” ಎಂದು ಎರಡಿಂಚಕ್ಕ ಕೊನೆಗೂ ಪಿನ್ನು ಉಗಿದು ತಲೆ ಎತ್ತಿದಳು. “ಈ ಮನುಷ್ಯನ ಎಡಗೈ ನಾನು ಮದುವೆಯಾದಾಗಿನಿಂದ ಬಿಡ್ತಾ...”

ಮಾತು ಅಲ್ಲಿಗೇ ನಿಂತಿತು. ಆಗ ಅವಳು ಅವರನ್ನು ನೋಡಿದಳು. ಮೇಲೆ ಒಂದು ಕೈ ಅರ್ಧ, ಒಂದು ಕೈ ಒಂದೂಕಾಲಿನ ಕೋಟು. ಕೆಳಗೆ ಮನೆಯಲ್ಲಿ ಹಾಕುವ ಪಟ್ಟೆ ಪಟ್ಟೆ ಪೈಜಾಮ. ಕಾಲಲ್ಲಿ ಎರಡು ಚಪ್ಪಲಿ, ಒಂದು ಅವರದು, ಇನ್ನೊಂದು ಅವಳದು. ಒದ್ದೆ ಕೂದಲು ಬಾಚಿರಲಿಲ್ಲ. ಮನೆಯಿಂದ ಅಂಗಡಿಗೆ ಮೂರು ಬೀದಿ. ಮೂರು ಬೀದಿಯನ್ನೂ ಈ ವೇಷದಲ್ಲಿ ಸಿಟ್ಟಿನ ಭರದಲ್ಲಿ ದಾಟಿಕೊಂಡು ಬಂದು, ಸಾಲಿನಲ್ಲಿ ನಾಲ್ಕನೆಯವರಾಗಿ, ಎಲ್ಲರ ಎದುರು ಕೈ ಬೀಸುತ್ತ ಜಗಳವಾಡುತ್ತ ನಿಂತಿದ್ದರು. ಹೊರಗೆ ಬಂದಿದ್ದೇನೆ ಎನ್ನುವುದು ಅವರಿಗೇ ಗೊತ್ತಾಗಿರಲಿಲ್ಲ.

ಅವಳು ಸೀಮೆಸುಣ್ಣವನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅದು ಎರಡಾಯಿತು. ಏನಾದರೂ ಹೇಳಿದರೆ ಕೆಟ್ಟಿತು. ಹೊರಗೆ ಬಂದಿರಲ್ಲ ಎಂದು ಬಾಯಿಬಿಟ್ಟರೆ ಆ ಕ್ಷಣವೇ ಕಾಲು ನೋಡಿಕೊಳ್ಳುತ್ತಾರೆ, ಹೋಗಲಿ ಬಿಡು ಎನ್ನುತ್ತಾರೆ, ಹೋದವರು ಮತ್ತೆ ಬರುವುದಿಲ್ಲ. ಜಗಳ ನಿಲ್ಲಬಾರದು. ಕೋಟು ಸರಿಯಾಗಲೂ ಬಾರದು.

“ತಪ್ಪು ನಿಮ್ಮ ಚೀಟೀದು,” ಎಂದಳು, ಇದ್ದ ಕೋಪವನ್ನೆಲ್ಲ ದನಿಗೆ ತಂದುಕೊಂಡು. “ಹೊಸ ಚೀಟಿ ಬರೆದು ಕೊಡಿ.”

“ಕೊಡ್ತೀನಿ. ಈಗಲೇ ಸರಿ ಮಾಡು.”

“ಈಗ ಆಗಲ್ಲ.” ಆಮೇಲೆ ಇಪ್ಪತ್ತಾರು ವರ್ಷದ ವ್ರತವನ್ನು ಒಂದೇ ಉಸಿರಿಗೆ ಮುರಿದಳು. “ನಾಳೆ ಬನ್ನಿ.”

ನರ್ಸಮ್ಮ ಕಣ್ಣು ಬಿಟ್ಟು ನೋಡಿದಳು. ಅಕ್ಕನ ಬಾಯಲ್ಲಿ ಆ ಮಾತು? ಕಂಡಕ್ಟರಂತೂ ಕೆಂಡವಾದರು. ಇದೇ ಹಣೆಬರಹ, ಹೊಲಿಗೆಯವರೆಲ್ಲ ಒಂದೇ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನೇ ಮೊದಲನೆಯವನಾಗಿ ನಿಂತಿರುತ್ತೇನೆ, ಹೇಗೆ ಮಾಡಿಕೊಡುವುದಿಲ್ಲವೋ ನೋಡುತ್ತೇನೆ ಎಂದು ಚಪ್ಪಲಿ ಬಡಿಯುತ್ತ ಹೊರಟರು. ಬೀದಿ ತಿರುವಿನಲ್ಲಿ ಯಾರೋ, “ಏನ್ ಕಂಡಕ್ಟ್ರೇ, ಎಲ್ಲಿ ಹೋಗಿದ್ರಿ ಇಷ್ಟು ದಿನ?” ಎಂದದ್ದು ಕೇಳಿಸಿತು. ಇವರು ನಿಂತು, ಆ ಉದ್ದನೆಯ ತೋಳನ್ನು ಎತ್ತಿ ತೋರಿಸಿ, ನ್ಯಾಯ ಹೇಳಿ ಎಂದು ಕೇಳುತ್ತಿದ್ದರು. ಎರಡಿಂಚಕ್ಕ ಮೆಷಿನಿನ ಪೆಡಲು ತುಳಿದಳು. ದಾರ ತುಂಡಾಗಿದೆ ಎನ್ನುವುದು ಅವಳಿಗೆ ಕಂಡದ್ದು ಸಪ್ಲೈಯರು ಹೇಳಿದ ಮೇಲೆ.

ಗುರುವಾರ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಬಂದು ನಿಂತರು. ಕೂದಲು ಬಾಚಿ, ಇಸ್ತ್ರಿ ಪ್ಯಾಂಟು ಹಾಕಿ, ಚಪ್ಪಲಿ ಎರಡೂ ತಮ್ಮವೇ. ಅವಳು ರಾತ್ರಿಯಿಡೀ ನೆಪ ಹುಡುಕಿ ಇಟ್ಟುಕೊಂಡಿದ್ದಳು. ಈ ಕಂದಿಗೆ ಹೊಂದುವ ದಾರ ತನ್ನ ಹತ್ತಿರವಿಲ್ಲ, ಊರೊಳಗಿನ ದಾರದ ಅಂಗಡಿಗೆ ಹೋಗಿ ತರಬೇಕು. ಕೋಟನ್ನು ಹಾಕಿಕೊಂಡೇ ಹೋಗಬೇಕು, ಮೈಮೇಲಿದ್ದಾಗಲೇ ಬಟ್ಟೆಯ ಬಣ್ಣ ತಿಳಿಯುವುದು. ಇಂಥ ಹಸಿ ಸುಳ್ಳನ್ನು ಅವಳು ಹೇಳಿದ್ದೇ ಮೊದಲು. ಕಂಡಕ್ಟರು ನಂಬಿದರು. ಮೂವತ್ತನಾಲ್ಕು ವರ್ಷ ನೆಪ ಕೇಳಿದವರಿಗೆ ಹೆಂಡತಿಯ ನೆಪ ಗೊತ್ತಾಗಲಿಲ್ಲ. ಅಥವಾ ಗೊತ್ತಾಯಿತೋ, ಯಾರಿಗೆ ಗೊತ್ತು.

ಬಸ್ಸಿಗೆ ಹತ್ತಿ ಹೋದವರು ಹನ್ನೆರಡಾದರೂ ಬರಲಿಲ್ಲ. ಎರಡಾದರೂ ಬರಲಿಲ್ಲ. ಅವಳಿಗೆ ಮೊದಲು ಸಿಟ್ಟು, ಆಮೇಲೆ ಭಯ, ಆಮೇಲೆ ಭಯವಾಗಿದ್ದಕ್ಕೆ ಮತ್ತೆ ಸಿಟ್ಟು. ಎರಡು ವರ್ಷ ಮನೆಯಲ್ಲಿ ಕೂತು ಪ್ರಾಣ ತಿಂದರು, ಈಗ ಹೊರಗೆ ಹೋಗಿ ಪ್ರಾಣ ತಿನ್ನುತ್ತಿದ್ದಾರೆ. ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದು ಮತ್ತೆ ಬಿಚ್ಚಿದಳು.

ನಾಲ್ಕು ಗಂಟೆಗೆ ಬಂದರು. ಮೂರು ದಾರದ ಉಂಡೆ ಮೇಜಿನ ಮೇಲಿಟ್ಟರು. ಮೂರೂ ಮೂರು ಬಣ್ಣದ ಕಂದು, ಒಂದೂ ಹೊಂದುವುದಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ನಿಧಾನಕ್ಕೆ ಹೇಳಿದರು. ಬಸ್ಸು ತುಂಬಿತ್ತಂತೆ. ಕಂಡಕ್ಟರು ಒಬ್ಬ ಹುಡುಗಿ, ಇವರ ಗುರುತಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದ ಇವರಿಗೆ, ಅಜ್ಜ ಒಳಗೆ ಹೋಗಿ, ಬಾಗಿಲು ಬಿಡಿ ಎಂದಳಂತೆ.

“ಅಜ್ಜ ಅಂದ್ಲು,” ಎಂದರು. “ಒಳಗೆ ಹೋದೆ. ಸೀಟಿರಲಿಲ್ಲ. ಕಂಬಿ ಹಿಡ್ಕೊಂಡೆ.”

ಅವಳು ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು.

“ಇಲ್ಲಿ ನೋಡೇ.” ಎದ್ದು ನಿಂತು ಎಡಗೈ ಎತ್ತಿ ಮೆಟ್ಟಿಲ ಅಡಿಯ ಕಬ್ಬಿಣದ ತೊಲೆ ಹಿಡಿದರು. ಕೋಟಿನ ತೋಳು ಜಾರಿತು, ಜಾರಿ ಮಣಿಕಟ್ಟಿನ ಮೂಳೆಯ ಮೇಲೆ, ಗೆರೆ ಎಳೆದ ಹಾಗೆ ನಿಂತಿತು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗೇ ನಿಂತು ಅವರು ತಮ್ಮ ಕೈಯನ್ನು ತಾವೇ ನೋಡಿದರು. “ಕೊನೇ ಸ್ಟಾಪಿನವರೆಗೂ ಹೋದೆ. ವಾಪಸ್ಸು ಬಂದೆ. ಮತ್ತೆ ಒಂದು ಟ್ರಿಪ್ ಹೋದೆ.”

ಅವಳು ದಾರದ ಉಂಡೆಗಳನ್ನು ಪಕ್ಕಕ್ಕೆ ತಳ್ಳಿದಳು. “ಹಾಗಾದ್ರೆ ದಾರ ಯಾಕೆ ತಂದ್ರಿ? ಮೂರು ತಂದಿದ್ದೀರಿ, ಮೂರೂ ದಂಡ,” ಎಂದು ಗದರಿದಳು. ಅವರು ಜೇಬಿನಿಂದ ಪೆನ್ಸಿಲು ತೆಗೆದು ಚೀಟಿ ಬರೆದು ಮೇಜಿನ ಮೇಲಿಟ್ಟರು. “ಎಡಗೈ ಹೀಗೇ ಇರಲಿ.” ಬರೆದಾದ ಮೇಲೆ ‘ಇರಲಿ’ಯ ಕೆಳಗೆ ಎರಡು ಗೆರೆ ಎಳೆದಿದ್ದರು, ಸಂಶಯಕ್ಕೆ ಜಾಗವಿರಬಾರದೆಂದು.

ಭಾನುವಾರ ಸಂಜೆ ಕೋಟು ಹಾಕಿಕೊಂಡು ಹೊರಟರು. ನೀನೂ ಬಾ ಎಂದರು. ಹದಿನೈದು ದಿನ ಆ ಅರ್ಧಗೈ ನೋಡಿ ನೋಡಿ ಕಣ್ಣು ನೋವಾಗಿದೆ, ನಿಮ್ಮ ಡ್ರೈವರನ್ನು ಕರೆದುಕೊಂಡು ಹೋಗಿ ಎಂದಳು. ಅವರು ಹೊಸಿಲು ದಾಟುವಾಗ ಬಾಗಿಲ ಚೌಕಟ್ಟಿಗೆ ಅವಳೇ ಎರಡು ಸಲ ಕುಟ್ಟಿದಳು. ಬೆರಳ ಗೆಣ್ಣು ನೋಯಿತು. ಇದನ್ನು ದಿನಾ ಹೇಗೆ ಕುಟ್ಟುತ್ತಿದ್ದರೋ ಎಂದುಕೊಂಡಳು. ಮನೆ ಖಾಲಿಯಾಯಿತು. ಎರಡು ವರ್ಷ ಬೇಡಿಕೊಂಡ ಖಾಲಿ ಮನೆ. ಹೋಗಿ ಜೀರಿಗೆ ಡಬ್ಬವನ್ನು ಮುಂದಿನ ಸೀಟಿಗೆ ತಂದಿಟ್ಟಳು, ಸ್ವಲ್ಪ ಹೊತ್ತು ನೋಡಿ, ವಾಪಸ್ಸು ಹಿಂದಿಟ್ಟಳು.

ಕಛೇರಿ ಹೇಗಿತ್ತು ಎಂದು ಬಂದ ಮೇಲೆ ಕೇಳಿದರೆ ಅವರು ಕೋಟು ತೆಗೆದು ಮೊಳೆಗೆ ಹಾಕುತ್ತ ಹೇಳಿದರು. ಹಾಡು ಚೆನ್ನಾಗಿತ್ತಂತೆ. ಹಾಲಿನ ತುಂಬ ಅರ್ಧಗೈ ಕೋಟಿನವರಂತೆ, ಎಲ್ಲರೂ ಸಂಗೀತಗಾರನನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರಂತೆ. ಅವನು ಮಾತ್ರ ಎರಡೂ ಕೈ ಪೂರ್ತಿಯಿದ್ದ ಕೋಟು ಹಾಕಿಕೊಂಡು ಬಂದನಂತೆ. ವಯಸ್ಸಾಯಿತು, ಮೊಣಕೈಗೆ ಚಳಿ ಹಿಡಿಯುತ್ತದೆ ಎಂದು ಮೈಕಿನಲ್ಲೇ ಹೇಳಿದನಂತೆ.

ಎರಡಿಂಚಕ್ಕ ಹಣೆ ಹಣೆ ಚಚ್ಚಿಕೊಂಡಳು. ಹನ್ನೆರಡು ಒಳ್ಳೆಯ ತೋಳು.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಸಾಲಿತ್ತು. ಹೆಚ್ಚಿನವರ ಕೈಯಲ್ಲಿ ಕಂದು ಕೋಟು. ಮೂರನೆಯವರಾಗಿ ಕಂಡಕ್ಟರು. ಸರದಿ ಬಂದಾಗ ಕೋಟು ಮೇಜಿನ ಮೇಲಿಟ್ಟು, ಪಿನ್ನು ಮಾಡಿದ ಚೀಟಿ ಅವಳ ಕಡೆ ತಿರುಗಿಸಿದರು. ಇರುವೆಯಕ್ಷರ, ಎರಡೇ ಮಾತು.

“ಬಲಗೈ ಬಿಡಿ.”

ಅವಳು ಓದಿದಳು. ತುಂಡುಗಳ ಗಂಟು ಬಿಚ್ಚಿ ಆ ಬಲಗೈ ತುಂಡು ಹುಡುಕಿ ತೆಗೆದಳು. ಅದರಲ್ಲಿ ಒಂದೂವರೆ ಇಂಚಿನ ಪಟ್ಟಿ ಎಡಗೈಗೆ ಹೋಗಿ ಕೂತಿತ್ತು. ಅಂಚು ಮಡಿಸಿದ್ದು ಬೇರೆ. ಎಲ್ಲಿಂದ ತರುವುದು? ಟೇಪು ಹಿಡಿದು ಅಳೆದಳು, ಇನ್ನೊಮ್ಮೆ ಅಳೆದಳು, ಟೇಪನ್ನು ಮೇಜಿನ ಮೇಲೆ ಎಸೆದಳು.

“ಇದು ಯಾವ ಬಿಡಿ?” ಎಂದು ಕೇಳಿದಳು. “ಬಸ್ಸಿಂದಾ, ಅಂಗಡೀದಾ?”

“ನಿಮ್ಮ ಅಂಗಡೀದೇ,” ಎಂದರು ಕಂಡಕ್ಟರು, ಸಾಲಿನಲ್ಲಿರುವ ಗಿರಾಕಿಯ ಮರ್ಯಾದೆಯಿಂದ.

“ನಾಳೆ ಬನ್ನಿ.”

ಅವರು ಜಗಳವಾಡಲಿಲ್ಲ. ಮೆಟ್ಟಿಲ ಕಂಬಿಗೆ ಎರಡು ಸಲ ಕುಟ್ಟಿ, ಬಿಳಿ ಶರ್ಟಿನ ತೋಳು ಮಡಿಸಿಕೊಳ್ಳುತ್ತ ಹೊರಟರು. ಮನೆಯ ಕಡೆಗಲ್ಲ, ಬಸ್ ಸ್ಟಾಪಿನ ಕಡೆಗೆ.